ಬಾಳಾಸಾಹೇಬ ಖೇರ: ಮನೆ ಬಾಡಿಗೆಗೆ ಗೆರೆ ಎಳೆದ ಮುಖ್ಯಮಂತ್ರಿ

ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಡಫಳೆ ಮನೆತನದ ಆಳ್ವಿಕೆ ಅಂದಿಗೆ ಮುಗಿಯಿತು. ಜತ್ತ, ಡಫಳಾಪುರ ಸೀಮೆಯ ಜನ ಮುಂಬಯಿ ಸರ್ಕಾರದ ಕೈಕೆಳಗೆ ಬಂದರು. ಆಗ ಆ ಸರ್ಕಾರದ ಮುಖ್ಯಸ್ಥರಾಗಿದ್ದವರು ಬಾಳಾಸಾಹೇಬ ಖೇರ. ಇಂದು ಈ ಭಾಗದಲ್ಲಿ ಅವರ ಹೆಸರು ಹೇಳಿದರೆ ಹಿರಿಯರಿಗೂ ತಟ್ಟನೆ ನೆನಪಾಗುವುದಿಲ್ಲ. ಮುಂಬಯಿಗೆ ಹೋಗಿ ಬಂದವರಿಗೆ ಬಾಂದ್ರಾದ ಖೇರವಾಡಿ ಗೊತ್ತು. ಅದು ಯಾರ ಹೆಸರು ಎಂದು ವಿಚಾರಿಸಿದವರು ಕಡಿಮೆ.

ಜತ್ತ ವಿಲೀನವಾಗುವುದಕ್ಕೆ 24 ದಿನ ಮೊದಲು, ಅದೇ ಫೆಬ್ರುವರಿ 13ರಂದು, ಖೇರ ಸರ್ಕಾರದ ಒಂದು ಕಾಯ್ದೆ ಜಾರಿಗೆ ಬಂದಿತ್ತು. ಅದರ ಉದ್ದ ಹೆಸರು ಮುಂಬಯಿ ಬಾಡಿಗೆ, ಹೋಟೆಲ್ ಮತ್ತು ವಸತಿಗೃಹ ದರ ನಿಯಂತ್ರಣ ಕಾಯ್ದೆ, 1947. ಜನರ ಬಾಯಲ್ಲಿ ಬಾಡಿಗೆ ಕಾಯ್ದೆ. ಗಾಂಧೀಜಿ ಹತ್ಯೆಯಾಗಿ ಎರಡು ವಾರವಷ್ಟೇ ಆಗಿತ್ತು. ಸಾಂಗಲಿ, ಕೊಲ್ಲಾಪುರ, ಸಾತಾರಾ ಕಡೆ ಮನೆಗಳಿಗೆ ಬೆಂಕಿ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಬಂದ ಈ ಕಾಯ್ದೆಯನ್ನು ಕೆಲವೇ ವರ್ಷಗಳ ಮಟ್ಟಿಗೆಂದು ಮಾಡಲಾಗಿತ್ತು. ಆದರೆ ಅದು 52 ವರ್ಷ ಬದುಕಿತು. ಲಕ್ಷಾಂತರ ಬಡ ಕುಟುಂಬಗಳನ್ನು ಬೀದಿಪಾಲಾಗದಂತೆ ಕಾಯ್ದದ್ದೂ ಅದೇ, ಮುಂಬಯಿಯ ಹಳೆ ಕಟ್ಟಡಗಳು ದುರಸ್ತಿ ಇಲ್ಲದೆ ಸೋರುವಂತೆ ಮಾಡಿದ್ದೂ ಅದೇ ಎಂದು ಹೇಳುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ.

ಖೇರ ಅವರ ಪೂರ್ಣ ಹೆಸರು ಬಾಳ ಗಂಗಾಧರ ಖೇರ. ಲೋಕಮಾನ್ಯ ತಿಲಕರದ್ದೂ ಇದೇ ಹೆಸರಾದ್ದರಿಂದ ಹಳೆಯ ಕಾಗದಪತ್ರ ಓದುವವರು ಒಮ್ಮೊಮ್ಮೆ ಗೊಂದಲಕ್ಕೆ ಬೀಳುವುದುಂಟು. ಜನನ 1888ರ ಆಗಸ್ಟ್ 24, ರತ್ನಾಗಿರಿಯಲ್ಲಿ, ಮಧ್ಯಮ ವರ್ಗದ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದ ಕೆಲವು ವರ್ಷ ಕಳೆದದ್ದು ಕನ್ನಡ ನೆಲದಲ್ಲಿ, ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ. ಅಲ್ಲಿಂದ ಶಾಲೆಗಾಗಿ ಪುಣೆಗೆ ಹೋದರು. ಮುಂಬಯಿಯ ವಿಲ್ಸನ್ ಕಾಲೇಜಿನಿಂದ 1908ರಲ್ಲಿ ಪದವಿ ಪಡೆದರು. ಸಂಸ್ಕೃತದಲ್ಲಿ ಮೊದಲಿಗರಾಗಿ ಭಾವು ದಾಜಿ ಬಹುಮಾನ ಅವರಿಗೆ ಬಂತು. ಮುಂದೆ ಕಾನೂನು ಓದಿ ಸಾಲಿಸಿಟರ್ ಆದರು. 1918ರಲ್ಲಿ ಮಣಿಲಾಲ್ ಖೇರ್ ಅಂಬಾಲಾಲ್ ಎಂಬ ಕಾನೂನು ಸಂಸ್ಥೆ ಸ್ಥಾಪಿಸಿದರು.

ಸಾಲಿಸಿಟರ್ ಎಂದರೆ ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವ ವಕೀಲರಲ್ಲ. ಆಸ್ತಿಯ ಕಾಗದ, ಖರೀದಿ ಪತ್ರ, ಬಾಡಿಗೆ ಕರಾರು, ನೋಟೀಸು ಇವೆಲ್ಲ ಸಾಲಿಸಿಟರ್ ಕಚೇರಿಯ ಮೇಜಿನ ಮೇಲೆ ಹಾದು ಹೋಗುತ್ತವೆ. ಒಂದು ಶಬ್ದ ಹೆಚ್ಚುಕಡಿಮೆಯಾದರೆ ಮನೆ ಯಾರದು ಎಂಬುದೇ ಬದಲಾಗುತ್ತದೆ. ಈ ಕಸುಬಿನಿಂದ ಬಂದವರೊಬ್ಬರು ಮುಂದೆ ಬಾಡಿಗೆ ಕಾಯ್ದೆ ತಂದ ಸರ್ಕಾರದ ಮುಖ್ಯಸ್ಥರಾದರು ಎಂಬುದನ್ನು ನೆನಪಿಡಬೇಕು.

ಅವರು ಸಂಸ್ಥೆ ಆರಂಭಿಸಿದ ಅದೇ 1918ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಮೊದಲ ಮಹಾಯುದ್ಧದ ಕಾಲ. ಗಿರಣಿಗಳಿಗೆ ಕೈತುಂಬ ಕೆಲಸ, ಕೊಂಕಣ ಮತ್ತು ಘಟ್ಟದ ಮೇಲಿನಿಂದ ಜನ ಬಂದು ತುಂಬಿಕೊಂಡರು, ಹೊಸ ಮನೆ ಕಟ್ಟುವವರಿಲ್ಲ. ಮಾಲೀಕರು ಬಾಡಿಗೆ ಏರಿಸಿದರು. ಬ್ರಿಟಿಷ್ ಸರ್ಕಾರಕ್ಕೂ ತಡೆ ಹಾಕದೆ ಗತಿ ಇರಲಿಲ್ಲ. ಯುದ್ಧ ಮುಗಿದು ಕೆಲ ವರ್ಷಗಳಾದ ಮೇಲೆ, 1920ರ ದಶಕ ಮುಗಿಯುವುದರೊಳಗೆ, ಆ ಕಾಯ್ದೆ ತಾನಾಗಿ ತೀರಿಹೋಯಿತು. ಅಂದರೆ ತಾತ್ಕಾಲಿಕ ಕಾಯ್ದೆ ನಿಜಕ್ಕೂ ತಾತ್ಕಾಲಿಕವಾಗಿದ್ದ ಉದಾಹರಣೆ ಖೇರ ಅವರ ಪೀಳಿಗೆಯ ಕಣ್ಣೆದುರೇ ಇತ್ತು.

1922ರಲ್ಲಿ ಖೇರ ಸ್ವರಾಜ್ಯ ಪಕ್ಷದ ಮುಂಬಯಿ ಶಾಖೆಯ ಕಾರ್ಯದರ್ಶಿಯಾದರು. 1930ರ ಕಾಯ್ದೆಭಂಗ ಚಳವಳಿಯಲ್ಲಿ ಎಂಟು ತಿಂಗಳ ಕಠಿಣ ಶಿಕ್ಷೆ, 1932ರಲ್ಲಿ ಮತ್ತೆ ಎರಡು ವರ್ಷ. ನಡುವೆ ಹರಿಜನರ ಮತ್ತು ಆದಿವಾಸಿಗಳ ನಡುವೆ ಸೇವಾ ಕೆಲಸ. ಗಟ್ಟಿ ದನಿಯ ಭಾಷಣಕಾರರಲ್ಲ, ಗುಂಪು ಕಟ್ಟಿ ಮೇಲೆ ಬಂದವರಲ್ಲ. ಆದರೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಾಗ ಮುಂಬಯಿ ಪ್ರಾಂತದ ನಾಯಕತ್ವ ಅವರಿಗೇ ಬಂತು. ಕಾಂಗ್ರೆಸ್ ಮೊದಲು ಅಧಿಕಾರ ಒಪ್ಪದೆ ಇದ್ದುದರಿಂದ ಸಾತಾರಾ ಕಡೆಯ ಸರ್ ಧನಜಿಷಾ ಕೂಪರ್ ಕೆಲವು ತಿಂಗಳು ಮಧ್ಯಂತರ ಸರ್ಕಾರ ನಡೆಸಿದ್ದರು. ಜುಲೈ 19ರಂದು ಖೇರ ಪ್ರಧಾನಿಯಾದರು. ಆಗ ಪ್ರಾಂತದ ಮುಖ್ಯಸ್ಥರನ್ನು ಪ್ರಧಾನಿ ಎಂದೇ ಕರೆಯುತ್ತಿದ್ದರು. ಅವರ ಮಂತ್ರಿಮಂಡಲದಲ್ಲಿ ಕನ್ಹಯ್ಯಾಲಾಲ್ ಮುನ್ಷಿ, ಮೊರಾರ್ಜಿ ದೇಸಾಯಿ ಇದ್ದರು. ಹಣಕಾಸು ಖಾತೆ ಬೆಳಗಾವಿಯ ಅಣ್ಣಾಸಾಹೇಬ ಲಠ್ಠೆ ಅವರದು. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು.

ಆ ಕಾಲದ ಮುಂಬಯಿಯ ಮನೆಯ ಸ್ಥಿತಿ ಹೇಗಿತ್ತು? ಕೂಲಿಕಾರರಲ್ಲಿ ಬಹುಪಾಲು ಜನ ಒಂದೇ ಖೋಲಿಯಲ್ಲಿ ಬದುಕುತ್ತಿದ್ದರು. ಉದ್ದನೆಯ ಪಡಸಾಲೆ, ಅದಕ್ಕೆ ಸಾಲಾಗಿ ಖೋಲಿಗಳು, ಮೂಲೆಯಲ್ಲಿ ಎಲ್ಲರಿಗೂ ಸೇರಿದ ನಳ ಮತ್ತು ಪಾಯಖಾನೆ. ಇದೇ ಚಾಳು. 1920ರ ದಶಕದಲ್ಲಿ ಸರ್ಕಾರವೇ ವರಳಿ, ನಾಯಗಾಂವ, ಶಿವಡಿ ಮತ್ತು ಡಿಲೈಲ್ ರೋಡಿನಲ್ಲಿ 207 ಚಾಳುಗಳನ್ನು ಕಟ್ಟಿಸಿತ್ತು. ಅದು ಸಾಕಾಗಲಿಲ್ಲ. ಉಳಿದವರಿಗೆ ಖಾಸಗಿ ಮಾಲೀಕರ ಚಾಳುಗಳೇ ಗತಿ. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ಒಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು. ರಾತ್ರಿ ಪಾಳಿಯವರು ಎದ್ದು ಹೋದ ಮೇಲೆ ಹಗಲು ಪಾಳಿಯವರ ಹಾಸಿಗೆ.

ಈ ಕೂಲಿಕಾರರೆಲ್ಲ ಖೇರ ಸರ್ಕಾರದ ಮೇಲೆ ಪ್ರೀತಿಯಿಂದ ಇದ್ದರು ಎಂದು ತಿಳಿಯಬೇಕಾಗಿಲ್ಲ. ಮುಷ್ಕರದ ಹಕ್ಕಿಗೆ ಕಡಿವಾಣ ಹಾಕುವ ಔದ್ಯೋಗಿಕ ವಿವಾದ ಮಸೂದೆಯನ್ನು ಸರ್ಕಾರ ತಂದಾಗ 1938ರ ನವೆಂಬರ್ 7ರಂದು ಡಾ. ಅಂಬೇಡ್ಕರ್ ಅವರ ಪಕ್ಷ ಮತ್ತು ಕಮ್ಯುನಿಸ್ಟರು ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಪೊಲೀಸರು ಗುಂಡು ಹಾರಿಸಿದರು. ಮರುವರ್ಷ, ಅಂದರೆ 1939ರಲ್ಲಿ, ಅದೇ ಸರ್ಕಾರ ಸಣ್ಣ ಬಾಡಿಗೆಯ ಮನೆಗಳಿಗೆ ಅನ್ವಯಿಸುವ ಬಾಡಿಗೆ ನಿರ್ಬಂಧ ಕಾಯ್ದೆ ಮಾಡಿತು. ಅದೇ ವರ್ಷ ಲಠ್ಠೆಯವರು ಇನ್ನೊಂದು ಕೆಲಸ ಮಾಡಿದ್ದರು. ಆಗಸ್ಟ್ 1ರಿಂದ ಮುಂಬಯಿಯಲ್ಲಿ ಪಾನನಿಷೇಧ ಜಾರಿ ಮಾಡುವುದಿತ್ತು. ಅಬಕಾರಿ ಆದಾಯ ಹೋಗುವುದನ್ನು ತುಂಬಿಕೊಳ್ಳಲು ನಗರದ ಸ್ಥಿರ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಿದರು. ಮನೆ ಮಾಲೀಕರು ಸಿಟ್ಟಾಗಿ ಹೈಕೋರ್ಟಿಗೆ ಹೋದರು. ಕೋರ್ಟು ತೆರಿಗೆಯನ್ನು ಎತ್ತಿಹಿಡಿಯಿತು. ಒಂದು ಕಡೆಯಿಂದ ತೆರಿಗೆ, ಇನ್ನೊಂದು ಕಡೆಯಿಂದ ಬಾಡಿಗೆಗೆ ಮಿತಿ. ಮುಂಬಯಿಯ ಮಾಲೀಕರ ಲೆಕ್ಕಾಚಾರ ತಪ್ಪಲು ಶುರುವಾದದ್ದು ಇಲ್ಲಿಂದ ಎನ್ನಬಹುದು.

ಆದರೆ ಆ ಮಂತ್ರಿಮಂಡಲ ಹೆಚ್ಚು ದಿನ ಉಳಿಯಲಿಲ್ಲ. ಭಾರತೀಯರನ್ನು ಕೇಳದೆ ಬ್ರಿಟಿಷರು ದೇಶವನ್ನು ಎರಡನೇ ಮಹಾಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಎಲ್ಲ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ನವೆಂಬರಿನಲ್ಲಿ ಖೇರ ಅಧಿಕಾರ ಬಿಟ್ಟರು. 1942ರಲ್ಲಿ ಮತ್ತೆ ಸೆರೆಮನೆ ಕಂಡರು.

ಯುದ್ಧದ ಆರು ವರ್ಷದಲ್ಲಿ ಮುಂಬಯಿ ಉಸಿರುಗಟ್ಟುವಷ್ಟು ತುಂಬಿತು. ಬಂದರಿನಲ್ಲಿ ಸೈನಿಕರು, ಗಿರಣಿಗಳಲ್ಲಿ ಮೂರು ಪಾಳಿ. ಸಿಮೆಂಟು, ಉಕ್ಕು ಸೈನ್ಯಕ್ಕೆ ಮೀಸಲು. 1944ರಲ್ಲಿ ಗವರ್ನರ್ ಆಡಳಿತವೇ ಮನೆಗಳ ಜೊತೆ ಹೋಟೆಲು, ವಸತಿಗೃಹಗಳ ದರಕ್ಕೂ ಕಾಯ್ದೆ ಮಾಡಬೇಕಾಯಿತು. 1946ರ ಮಾರ್ಚ್ 30ರಂದು ಖೇರ ಎರಡನೇ ಸಲ ಪ್ರಧಾನಿಯಾದಾಗ ಅವರ ಮುಂದಿದ್ದದ್ದು ಈ ನಗರ. ಮರುವರ್ಷ ದೇಶ ವಿಭಜನೆಯಾಯಿತು. ಸಿಂಧ್ ಪ್ರಾಂತದಿಂದ ನಿರಾಶ್ರಿತರು ಹಡಗಿನ ಮೇಲೆ ಹಡಗು ಇಳಿದರು. ಕಲ್ಯಾಣದ ಹಳೆಯ ಸೈನಿಕ ಶಿಬಿರಗಳು ಅವರಿಂದ ತುಂಬಿ, ಅದೇ ಮುಂದೆ ಉಲ್ಹಾಸನಗರವಾಯಿತು. 1941ರಲ್ಲಿ ಮುಂಬಯಿ ದ್ವೀಪದಲ್ಲಿ ಸುಮಾರು 15 ಲಕ್ಷ ಜನ ಇದ್ದರೆ, 1951ರಲ್ಲಿ 23 ಲಕ್ಷ. ಹತ್ತು ವರ್ಷದಲ್ಲಿ 8 ಲಕ್ಷ ಜನ ಹೆಚ್ಚಾದರು, ಆದರೆ ಅಷ್ಟು ಜನಕ್ಕೆ ಬೇಕಾದ ಖೋಲಿಗಳು ಏಳಲಿಲ್ಲ.

1947ರ ಕಾಯ್ದೆ ಬಂದದ್ದು ಈ ಹಿನ್ನೆಲೆಯಲ್ಲಿ. ಇದು ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಏಕೆಂದರೆ ಬಾಡಿಗೆ ಕಾಯ್ದೆಯ ಬಗ್ಗೆ ಮಾತಾಡುವ ಬಹಳಷ್ಟು ಜನರಿಗೆ ಅದರ ಹೆಸರು ಗೊತ್ತು, ಒಳಗಿನ ಯಂತ್ರ ಗೊತ್ತಿಲ್ಲ.

ಕಾಯ್ದೆಯ ಜೀವಾಳ ಒಂದು ದಿನಾಂಕ. 1940ರ ಸೆಪ್ಟೆಂಬರ್ 1. ಆ ದಿನ ಒಂದು ಖೋಲಿಗೆ ಎಷ್ಟು ಬಾಡಿಗೆ ಇತ್ತೋ ಅದೇ ಅದರ ಪ್ರಮಾಣಿತ ಬಾಡಿಗೆ. ಆ ದಿನ ಖಾಲಿ ಇದ್ದರೆ ಅದಕ್ಕೆ ಮುಂಚೆ ಕೊನೆಯ ಸಲ ಬಂದ ಬಾಡಿಗೆ. ಆಮೇಲೆ ಕಟ್ಟಿದ್ದಾದರೆ ಮೊದಲ ಸಲ ಕೊಟ್ಟಾಗಿನ ಬಾಡಿಗೆ. ಇದರ ಮೇಲೆ ಮಾಲೀಕ ಏರಿಸಬಹುದಾಗಿದ್ದದ್ದು ಕಾಯ್ದೆ ಅನುಮತಿಸಿದ ಕೆಲವು ಬಾಬತ್ತುಗಳನ್ನು ಮಾತ್ರ. ಮುನಸಿಪಾಲಿಟಿ ತೆರಿಗೆ ಹೆಚ್ಚಾದರೆ, ಕಟ್ಟಡದಲ್ಲಿ ಸುಧಾರಣೆ ಮಾಡಿಸಿದರೆ, ಇಂಥವು. ಅದಕ್ಕಿಂತ ಹೆಚ್ಚು ವಸೂಲಿ ಮಾಡುವುದು ಕಾನೂನುಬಾಹಿರ.

ಉದಾಹರಣೆಗೆ, ಪರಳದ ಒಂದು ಚಾಳಿನ ಖೋಲಿಗೆ 1940ರಲ್ಲಿ 8 ರೂಪಾಯಿ ಬಾಡಿಗೆ ಇತ್ತೆಂದು ಇಟ್ಟುಕೊಳ್ಳೋಣ. 1948ರಲ್ಲಿ ಮಾಲೀಕ 20 ರೂಪಾಯಿ ಕೇಳುತ್ತಾನೆ. ಬಾಡಿಗೆದಾರ ಹೆದರಿ ಖೋಲಿ ಬಿಡಬೇಕಾಗಿಲ್ಲ. ಮುಂಬಯಿಯಲ್ಲಾದರೆ ಸ್ಮಾಲ್ ಕಾಸಸ್ ಕೋರ್ಟಿಗೆ, ಹೊರಗಿನ ಊರುಗಳಲ್ಲಾದರೆ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಅರ್ಜಿ ಕೊಟ್ಟು ಪ್ರಮಾಣಿತ ಬಾಡಿಗೆ ನಿಗದಿ ಮಾಡಿಸಿಕೊಳ್ಳಬಹುದು. ತೀರ್ಪು ಬರುವ ತನಕ ಕೋರ್ಟು ಹೇಳಿದ ಮಧ್ಯಂತರ ಮೊತ್ತ ಕಟ್ಟುತ್ತಿದ್ದರೆ ಸಾಕು. ಪ್ರಮಾಣಿತ ಬಾಡಿಗೆ ಕೊಡಲು ಸಿದ್ಧನಿರುವ ತನಕ ಬಾಕಿಯ ನೆಪದಲ್ಲಿ ಅವನನ್ನು ಹೊರಗೆ ಹಾಕುವಂತಿಲ್ಲ. ಬಾಕಿ ಇದ್ದರೂ ಬರಹದಲ್ಲಿ ನೋಟೀಸು ಕೊಟ್ಟು ಒಂದು ತಿಂಗಳು ಕಾಯದೆ ದಾವೆ ಹಾಕುವಂತಿಲ್ಲ.

ಮಾಲೀಕನಿಗೆ ದಾರಿಯೇ ಇರಲಿಲ್ಲ ಎಂದಲ್ಲ. ತನ್ನ ಸ್ವಂತ ವಾಸಕ್ಕೆ ನಿಜವಾಗಿ ಬೇಕಾಗಿದ್ದರೆ, ಬಾಡಿಗೆದಾರ ಕಟ್ಟಡ ಹಾಳು ಮಾಡಿದ್ದರೆ, ನೆರೆಯವರಿಗೆ ಉಪದ್ರವ ಕೊಟ್ಟಿದ್ದರೆ, ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಟ್ಟಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಆದರೆ ಸ್ವಂತ ಅಗತ್ಯದ ಪ್ರಕರಣದಲ್ಲಿ ನ್ಯಾಯಾಧೀಶರು ಒಂದು ತೂಗು ಹಾಕಬೇಕಿತ್ತು. ಬಾಡಿಗೆದಾರನನ್ನು ಹೊರಗೆ ಹಾಕಿದರೆ ಆಗುವ ಕಷ್ಟ ಹೆಚ್ಚೋ, ಮಾಲೀಕನಿಗೆ ಕೊಡದಿದ್ದರೆ ಆಗುವ ಕಷ್ಟ ಹೆಚ್ಚೋ? ಬಾಡಿಗೆದಾರನ ಕಷ್ಟ ಹೆಚ್ಚೆಂದು ಕಂಡರೆ ಮಾಲೀಕನ ದಾವೆ ಬಿದ್ದುಹೋಗುತ್ತಿತ್ತು.

ಕಾಯ್ದೆ ಬರೆದವರಿಗೆ ಮಾಲೀಕರ ಒಳದಾರಿಗಳು ಚೆನ್ನಾಗಿ ಗೊತ್ತಿದ್ದವು. ಬಾಡಿಗೆ ಏರಿಸಲು ಬರದಿದ್ದರೆ ನಳ ಬಂದ್ ಮಾಡುವುದು, ದೀಪ ತೆಗೆಯುವುದು, ಪಾಯಖಾನೆಗೆ ಬೀಗ ಹಾಕುವುದು ಹಳೆಯ ತಂತ್ರ. ಅಗತ್ಯ ಸೌಲಭ್ಯ ತಡೆಯುವುದನ್ನೇ ಕಾಯ್ದೆ ನಿಷೇಧಿಸಿತು. ಇನ್ನೊಂದು ತಂತ್ರ ರಸೀದಿ ಕೊಡದಿರುವುದು. ರಸೀದಿ ಇಲ್ಲದವನು ತಾನು ಬಾಡಿಗೆದಾರನೆಂದು ಹೇಗೆ ತೋರಿಸಬೇಕು? ಹಾಗಾಗಿ ಬಾಡಿಗೆ ಪಾವತಿ ಕೊಡುವುದು ಕಡ್ಡಾಯವಾಯಿತು. ಕೊಡದ ಮಾಲೀಕನಿಗೆ ದಂಡ. ಮೂರನೆಯದು ಪಗಡಿ. ಖೋಲಿಯ ಕೀಲಿ ಕೈಗೆ ಕೊಡುವ ಮುನ್ನ ಕೈಬದಲಾಗುವ ದೊಡ್ಡ ಮೊತ್ತ. ಅದಕ್ಕೆ ರಸೀದಿ ಇಲ್ಲ, ಲೆಕ್ಕ ಇಲ್ಲ. ಇದನ್ನು ಜೈಲು ಶಿಕ್ಷೆಯ ಅಪರಾಧ ಮಾಡಲಾಯಿತು. ಹೋಟೆಲು ಮತ್ತು ವಸತಿಗೃಹಗಳಿಗೆ ನಿಯಂತ್ರಣಾಧಿಕಾರಿಯನ್ನು ನೇಮಿಸಿ ನ್ಯಾಯವಾದ ದರ ನಿಗದಿ ಮಾಡುವ ವ್ಯವಸ್ಥೆ ಬೇರೆ. ಒಂದು ಗಮನಿಸಬೇಕಾದ ಸಂಗತಿ: ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಸ್ವಂತ ಕಟ್ಟಡಗಳಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಇತರರಿಗೆ ಹಾಕಿದ ಗೆರೆಯೊಳಗೆ ಸರ್ಕಾರ ತಾನು ನಿಲ್ಲಲಿಲ್ಲ.

ಬಾಡಿಗೆ ಹಿಡಿದಿಟ್ಟರೆ ಮಾಲೀಕರು ಖಾಲಿ ಮನೆಗೆ ಬೀಗ ಹಾಕಿ ಕೂಡುತ್ತಾರೆ ಎಂಬುದೂ ಸರ್ಕಾರಕ್ಕೆ ತಿಳಿದಿತ್ತು. 1948ರ ಭೂಮಿ ವಶಪಡಿಕೆ ಕಾಯ್ದೆ ಅದಕ್ಕಾಗಿ. ಮನೆ ಖಾಲಿಯಾದರೆ ಮಾಲೀಕ ಸರ್ಕಾರಕ್ಕೆ ತಿಳಿಸಬೇಕು. ಸರ್ಕಾರ ಬಯಸಿದರೆ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ವಶಪಡಿಸಿಕೊಂಡು ನೆಲೆ ಇಲ್ಲದವರಿಗೆ, ನೌಕರರಿಗೆ ಹಂಚಬಹುದು. ಅದೇ ವರ್ಷ ಮುಂಬಯಿ ಗೃಹನಿರ್ಮಾಣ ಮಂಡಳಿಯ ಕಾಯ್ದೆಯೂ ಬಂತು. ಮೂರನ್ನೂ ಸೇರಿಸಿ ನೋಡಿದಾಗ ಖೇರ ಸರ್ಕಾರದ ಯೋಜನೆ ಅರ್ಥವಾಗುತ್ತದೆ. ಇದ್ದ ಮನೆಗೆ ಬಾಡಿಗೆ ಮಿತಿ, ಖಾಲಿ ಮನೆ ಹಂಚಿಕೆ, ಹೊಸ ಮನೆ ಕಟ್ಟುವುದು. ಕಟ್ಟಿದ ಮನೆಗಳು ಸಾಕಷ್ಟಾದ ಮೇಲೆ ಬಾಡಿಗೆ ಕಾಯ್ದೆ ತೆಗೆದುಹಾಕಿದರಾಯಿತು. ಮೊದಲೆರಡು ಕೆಲಸಕ್ಕೆ ಆದೇಶ ಸಾಕು, ಹಣ ಬೇಡ. ಮೂರನೆಯದಕ್ಕೆ ಹಣ, ಸಿಮೆಂಟು, ಜಾಗ ಮೂರೂ ಬೇಕು. ಯೋಜನೆ ಕುಂಟಿದ್ದು ಅಲ್ಲೇ.

ಇತ್ತ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಬಾಡಿಗೆಯ ಪ್ರಶ್ನೆ ಇತ್ತು. ಹೊಲದ ಬಾಡಿಗೆ, ನಮ್ಮ ಭಾಗದ ಮಾತಿನಲ್ಲಿ ಲಾವಣಿ ಅಥವಾ ಪಾಲು. ಖೇರ ಅವರ ಮೊದಲ ಸರ್ಕಾರವೇ 1939ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಮಾಡಿತ್ತು. ಜತ್ತ ಆಗ ಸಂಸ್ಥಾನವಾದ್ದರಿಂದ ಅದರ ನೆರಳು ಇಲ್ಲಿಗೆ ಬೀಳಲಿಲ್ಲ. ಎರಡನೇ ಸರ್ಕಾರ 1948ರಲ್ಲಿ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ತಂದಿತು. ಗಡಿಭಾಗದವರ ಬಾಯಲ್ಲಿ ಇದೇ ಕುಳಕಾಯ್ದೆ. ಕಂದಾಯ ಖಾತೆ ಮೊರಾರ್ಜಿಯವರ ಕೈಯಲ್ಲಿತ್ತು. ವಿಲೀನದ ನಂತರ ಮುಂಬಯಿಯ ಕಾಯ್ದೆಗಳು ಹಂತಹಂತವಾಗಿ ಜತ್ತಕ್ಕೂ ಬಂದವು. 1949ರ ಆಗಸ್ಟ್ 1ರಂದು ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ಆಗಿ ಜತ್ತ ಅದರ ತಾಲೂಕಾಯಿತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ.

1948ರ ಕುಳಕಾಯ್ದೆ ಗೇಣಿಗೆ ಹಾಕಿದ ಮಿತಿ ಹೀಗಿತ್ತು: ನೀರಾವರಿ ಜಮೀನಾದರೆ ಬೆಳೆಯ ನಾಲ್ಕನೇ ಒಂದು ಪಾಲು, ಉಳಿದ ಜಮೀನಿಗೆ ಮೂರನೇ ಒಂದು ಪಾಲು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಜತ್ತದಂಥ ಬರದ ಸೀಮೆಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜೋಳ ಹತ್ತು ಚೀಲ ಬಂದರೆ ಮಾಲೀಕನಿಗೆ ಹೆಚ್ಚೆಂದರೆ ಮೂರು ಚೀಲದ ಮೇಲೆ ಸ್ವಲ್ಪ. ಮಳೆ ಕೈಕೊಟ್ಟು ಒಂದೇ ಚೀಲ ಬಂದರೆ ಅದರಲ್ಲೂ ಮೂರನೇ ಒಂದು. ಏನೂ ಬರದಿದ್ದರೆ ಏನೂ ಇಲ್ಲ. ಮಿತಿ ಬೆಳೆಯ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು.

ಎರಡೂ ಕಾಯ್ದೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಹೊಲದ ಮಿತಿ ಪಾಲಿನಲ್ಲಿತ್ತು, ಖೋಲಿಯ ಮಿತಿ ರೂಪಾಯಿಯಲ್ಲಿತ್ತು. ಪಾಲು ಕಾಲದ ಜೊತೆ ನಡೆಯುತ್ತದೆ, ರೂಪಾಯಿ ನಿಂತಲ್ಲೇ ನಿಲ್ಲುತ್ತದೆ. 1940ರ 8 ರೂಪಾಯಿ 1948ರಲ್ಲಿ ನ್ಯಾಯವಾಗಿ ಕಂಡಿತು. 1970ರಲ್ಲಿ ಅದೇ 8 ರೂಪಾಯಿಯಿಂದ ಚಾಳಿನ ಚಾವಣಿಗೆ ಒಂದು ಹೆಂಚು ಹಾಕಿಸುವುದೂ ಕಷ್ಟವಾಯಿತು. ಗೆರೆ ಎಳೆದದ್ದು ತಪ್ಪಲ್ಲ. ಆ ಗೆರೆಯನ್ನು ವರ್ಷ ವರ್ಷ ಎಷ್ಟು ಸರಿಸಬೇಕು ಎಂಬುದನ್ನು ಬರೆಯದೆ ಬಿಟ್ಟದ್ದು ದೊಡ್ಡ ಕೊರತೆ. ಬೇರೆ ದೇಶಗಳಲ್ಲಿ ಇದನ್ನು ಕಂಡುಕೊಂಡವರಿದ್ದಾರೆ. ನ್ಯೂಯಾರ್ಕ್ ನಗರದಲ್ಲಿ ಯುದ್ಧಕಾಲದ ಗಟ್ಟಿ ನಿಯಂತ್ರಣ ಇದ್ದರೂ 1969ರಲ್ಲಿ ಇನ್ನೊಂದು ಬಗೆಯ ಕಾನೂನು ಬಂತು. ಅದರ ಪ್ರಕಾರ ಒಂದು ಮಂಡಳಿ ಪ್ರತಿವರ್ಷ ಕುಳಿತು, ನಿರ್ವಹಣೆ ಖರ್ಚು ನೋಡಿ, ಬಾಡಿಗೆ ಶೇಕಡಾ ಎಷ್ಟು ಏರಬಹುದೆಂದು ಹೇಳುತ್ತದೆ. ಅಲ್ಲಿಯೂ ಜಗಳ ತಪ್ಪಿಲ್ಲ. ಆದರೆ ವರ್ಷಕ್ಕೊಮ್ಮೆ ಬಹಿರಂಗವಾಗಿ ಜಗಳವಾಡಲು ಒಂದು ಜಾಗ ಇದೆ. ಮುಂಬಯಿಯಲ್ಲಿ ಅಂಥ ಜಾಗ ಇರಲಿಲ್ಲ, ಕೋರ್ಟು ಮಾತ್ರ ಇತ್ತು.

ಈ ಕೊರತೆಯನ್ನು ಖೇರ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಅವರು ಅಧಿಕಾರದಲ್ಲಿದ್ದಾಗ ಕಾಯ್ದೆಗೆ ಇನ್ನೂ ನಾಲ್ಕು ವರ್ಷ. ಮಾಲೀಕ ಮತ್ತು ಬಾಡಿಗೆದಾರರ ನಡುವೆ ಅಂತರ ಆಗಿನ್ನೂ ಅಷ್ಟು ಬೆಳೆದಿರಲಿಲ್ಲ. ನಿರಾಶ್ರಿತರು ಪ್ಲಾಟ್‌ಫಾರಮಿನ ಮೇಲೆ ಮಲಗಿದ್ದ ನಗರದಲ್ಲಿ ಬಾಡಿಗೆಯನ್ನು ಪೇಟೆಗೆ ಬಿಟ್ಟಿದ್ದರೆ ಆಗುತ್ತಿದ್ದದ್ದೇನು ಎಂಬುದನ್ನೂ ಯೋಚಿಸಬೇಕು. ಅವರ ನಂತರ ಬಂದ ಸರ್ಕಾರಗಳೆಲ್ಲ ಅವಧಿ ಮುಗಿಯುವ ಹೊತ್ತಿಗೆ ಕಾಯ್ದೆಯನ್ನು ಮುಂದೂಡಿದವು, ತಿದ್ದುವ ಧೈರ್ಯ ಮಾಡಲಿಲ್ಲ. ಬಾಡಿಗೆದಾರರ ಮತ ಲಕ್ಷಗಟ್ಟಲೆ, ಮಾಲೀಕರ ಮತ ಬೆರಳೆಣಿಕೆ.

ಖೇರ ಅವರು ಶಿಕ್ಷಣ ಖಾತೆಯನ್ನೂ ನೋಡಿಕೊಂಡರು. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಆಗಲು ಅವರ ಒತ್ತಾಸೆ ಕಾರಣ. ಅದೇ ವರ್ಷ ಅವರ ಸರ್ಕಾರದ ಕಾಲದಲ್ಲೇ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. 1952ರ ಏಪ್ರಿಲ್ 21ರಂದು ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಮೊರಾರ್ಜಿ ಅವರ ಜಾಗಕ್ಕೆ ಬಂದರು. ಖೇರ ಲಂಡನ್ನಿಗೆ ಭಾರತದ ಹೈಕಮಿಷನರ್ ಆಗಿ ಹೋಗಿ 1954ರವರೆಗೆ ಅಲ್ಲಿದ್ದರು. ಆ ವರ್ಷ ಪದ್ಮವಿಭೂಷಣ ಬಂತು. 1955ರಲ್ಲಿ ರಾಜಭಾಷಾ ಆಯೋಗದ ಅಧ್ಯಕ್ಷರಾದರು. ಮರುವರ್ಷ ವರದಿ ಕೊಟ್ಟರು. ಅದೇ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಅವರು ಆಳಿದ ಪ್ರಾಂತದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಜತ್ತ ಮುಂಬಯಿಯಲ್ಲೇ ಉಳಿಯಿತು. ಬೆಳಗಾವಿ, ಧಾರವಾಡದ ಕಡೆ ಮುಂಬಯಿಯ ಬಾಡಿಗೆ ಕಾಯ್ದೆ ಇನ್ನೂ ಕೆಲ ವರ್ಷ ನಡೆದು, 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಹೋಯಿತು.

1957ರ ಮಾರ್ಚ್ 8ರಂದು ಪುಣೆಯಲ್ಲಿ ಖೇರ ತೀರಿಕೊಂಡರು. ಜತ್ತ ವಿಲೀನವಾಗಿ ಅಂದಿಗೆ ಸರಿಯಾಗಿ ಒಂಬತ್ತು ವರ್ಷ. ಅವರು ಹೋಗಿ ಮೂರು ವಾರಕ್ಕೆ, ಏಪ್ರಿಲ್ 1ರಂದು, ಕುಳಕಾಯ್ದೆಯ ತಿದ್ದುಪಡಿಯಂತೆ ಕೃಷಿಕರ ದಿನ ಬಂತು. ಆ ದಿನದಿಂದ ಉಳುವ ಗೇಣಿದಾರನನ್ನು ಜಮೀನು ಖರೀದಿಸಿದವನೆಂದು ಕಾನೂನು ಭಾವಿಸಿತು. ಹೊಲದ ಬಾಡಿಗೆಯ ಪ್ರಶ್ನೆಗೆ ಹೀಗೆ ಒಂದು ಕೊನೆ ಸಿಕ್ಕಿತು. ಉತಾರದಲ್ಲಿ ಹೆಸರು ಏರಿಸಲು ತಲಾಠಿ ಕಚೇರಿಗೆ ಅಲೆದದ್ದು ಬೇರೆ ಕಥೆ.

ನಗರದ ಪ್ರಶ್ನೆಗೆ ಅಂಥ ಕೊನೆ ಸಿಗಲಿಲ್ಲ. ನಿಂತ ಬಾಡಿಗೆಯಿಂದ ಮಾಲೀಕರು ದುರಸ್ತಿ ಬಿಟ್ಟರು. ಮಳೆಗಾಲದಲ್ಲಿ ಕಟ್ಟಡ ಕುಸಿದು ಜನ ಸಾಯತೊಡಗಿದಾಗ 1969ರಲ್ಲಿ ಸರ್ಕಾರ ಕಟ್ಟಡ ದುರಸ್ತಿ ಮಂಡಳಿಯ ಕಾಯ್ದೆ ಮಾಡಿತು. ಉಪಕರ ಕಟ್ಟುವ ಅಂಥ ಹಳೆ ಕಟ್ಟಡಗಳು ಆಗ ಸುಮಾರು 19,600. ಶಿಕ್ಷಾರ್ಹವಾಗಿದ್ದ ಪಗಡಿ ಮಾತ್ರ ಎಲ್ಲರಿಗೂ ಗೊತ್ತಿರುವ ಗುಟ್ಟಾಗಿ ಬೆಳೆಯಿತು. ತಿಂಗಳ ಬಾಡಿಗೆ ಒಂದು ಊಟದ ಬೆಲೆಗೆ ಇಳಿದಷ್ಟೂ ಪಗಡಿ ಏರಿತು. ಬಾಡಿಗೆದಾರನೇ ಅರ್ಧ ಮಾಲೀಕನಾದ. ನಷ್ಟ ಹೆಚ್ಚಾಗಿ ಬಿದ್ದದ್ದು ಹೊಸದಾಗಿ ಊರು ಬಿಟ್ಟು ಬಂದವರ ಮೇಲೆ. ಹಳಬರು ಗಟ್ಟಿಯಾಗಿ ಕೂತಿದ್ದರು, ಹೊಸಬರಿಗೆ ಖೋಲಿ ಕೊಡಲು ಯಾವ ಮಾಲೀಕನೂ ಸಿದ್ಧನಿಲ್ಲ. ಬಾಡಿಗೆ ಎಂಬ ಶಬ್ದವನ್ನೇ ಬಿಟ್ಟು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಶುರುವಾಯಿತು. 1973ರ ಫೆಬ್ರುವರಿ 1ರಂದು ಹಾಗೆ ವಾಸವಿದ್ದವರನ್ನೂ ಸರ್ಕಾರ ಬಾಡಿಗೆದಾರರೆಂದು ಘೋಷಿಸಿದ ಮೇಲೆ ಮಾಲೀಕರು ಮತ್ತಷ್ಟು ಬೆದರಿದರು. ಬರ ಬಿದ್ದಾಗ ದುಡಿಮೆಗೆ ಹೊರಟ ಬಡವನಿಗೆ ಉಳಿದದ್ದು ಝೋಪಡಪಟ್ಟಿ.

ಕೊನೆಗೆ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣ. ಉಡುಪಿಯ ಬಂದರೂರಿನ ಹೆಸರು ಮುಂಬಯಿಯ ಬಾಡಿಗೆ ಇತಿಹಾಸದಲ್ಲಿ ಹೀಗೆ ಸೇರಿಕೊಂಡಿತು. 1997ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲಿ ಕೋರ್ಟು, ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕುವುದು ಹಿಂದೆ ಸರಿಯಾಗಿದ್ದಿರಬಹುದು, ಕಾಲ ಕಳೆದಂತೆ ಅದು ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂಬ ಅಭಿಪ್ರಾಯಕ್ಕೆ ಬಂತು. ಕಾಯ್ದೆಯ ಅವಧಿ ಹೇಗೂ ಮುಗಿಯುತ್ತಿದ್ದುದರಿಂದ ಅದನ್ನು ರದ್ದು ಮಾಡದೆ ಸರ್ಕಾರಕ್ಕೆ ಬಿಟ್ಟಿತು.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಜಾರಿಗೆ ಬಂದದ್ದು 2000ನೇ ಇಸವಿಯ ಮಾರ್ಚ್ 31ರಂದು. ಅದರಲ್ಲಿ ಮಾಲೀಕ ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಬಹುದು ಎಂಬ ಕಲಮು ಸೇರಿತು. ಬ್ಯಾಂಕುಗಳು, ಸರ್ಕಾರಿ ಉದ್ದಿಮೆಗಳು, 1 ಕೋಟಿ ರೂಪಾಯಿ ಅಥವಾ ಹೆಚ್ಚು ಬಂಡವಾಳದ ಕಂಪನಿಗಳು ರಕ್ಷಣೆಯಿಂದ ಹೊರಬಿದ್ದವು. ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕೆಂಬ ನಿಯಮ ಬಂತು. ಪುಣೆ, ಮುಂಬಯಿಯಲ್ಲಿ ಖೋಲಿ ಹಿಡಿಯುವ ಜತ್ತದ ಹುಡುಗರು ಸಹಿ ಮಾಡುವ ಕಾಗದ ಇದೇ. ಬಾಂದ್ರಾದ ಖೇರವಾಡಿ, ಖೇರನಗರಗಳಷ್ಟೇ ಅಲ್ಲ, ಮಲಬಾರ್ ಹಿಲ್‌ನ ಶ್ರೀಮಂತರ ರಿಡ್ಜ್ ರೋಡ್ ಕೂಡ ಬಿ. ಜಿ. ಖೇರ ಮಾರ್ಗವಾಗಿದೆ. ಖೇರ ಸರ್ಕಾರದ ಕಾಯ್ದೆ ರದ್ದಾದರೂ, ಅಂದಿನವರೆಗೆ ಕೋರ್ಟುಗಳಲ್ಲಿ ಬಾಕಿ ಇದ್ದ ದಾವೆಗಳನ್ನು ಆ ಹಳೆ ಕಾಯ್ದೆಯ ಪ್ರಕಾರವೇ ತೀರ್ಮಾನಿಸಬೇಕೆಂದು ಹೊಸ ಕಾಯ್ದೆ ಹೇಳಿತು. ಅವು ಮುಗಿಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.